ಮೂರನೇ ಫಾರಂನ ಕೊನೆಯ ಪದ

ಇಬ್ಬರು ಅಕ್ಕತಂಗಿಯರನ್ನು ಎರಡು ಬೇರೆ ಬೇರೆ ಮಕ್ಕಳ ನಿಲಯಗಳಿಗೆ ಹಾಕಿದರು. ದೊಡ್ಡವಳಿಗೆ ಒಂಬತ್ತು ವರ್ಷ, ಚಿಕ್ಕವಳಿಗೆ ಐದು. ಒಂದು ನಿಲಯದಲ್ಲಿ ಒಂದು ಮಂಚ ಖಾಲಿ ಇತ್ತು, ಇನ್ನೊಂದರಲ್ಲಿ ಇನ್ನೊಂದು. ಎರಡರ ನಡುವೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅವರ ತಾಯಿ ಲಾಂಡ್ರಿಯ ಮೆಟ್ಟಿಲಿನ ಮೇಲಿಂದ ಬಿದ್ದು, ಬೆನ್ನುಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ತಂದೆ ಇರಲಿಲ್ಲ. ಮಕ್ಕಳನ್ನು ನನಗೆ ಕೊಡಿ ಎಂದು ತಾಯಿಯ ಅಕ್ಕ ಅರ್ಜಿ ಹಾಕಿದಳು. 'ಸಂಬಂಧಿಗಳ ಪಟ್ಟಿಯಲ್ಲಿ ತಾಯಿಯ ಕಡೆಯವರು ಬರುವುದಿಲ್ಲ' ಎಂದು ಅದರ ಮೇಲೆಯೇ ಬರೆದು ವಾಪಸು ಕಳಿಸಿದರು. ಹೀಗೆ ಏಳು ತಿಂಗಳಾಯಿತು.

ಆ ಅಕ್ಕ ನಮ್ಮ ದೊಡ್ಡಮ್ಮ. ಮಕ್ಕಳು ಅವಳನ್ನು ಹಾಗೆ ಕರೆಯುತ್ತಿದ್ದುದರಿಂದ ನಮ್ಮ ಬಾಯಿಗೂ ಅದೇ ಬಂತು. ನಾವು ಐದು ಜನ ಸರ್ಕಾರಿ ಅಚ್ಚುಕೂಟದ ಬೈಂಡಿಂಗ್ ಕೋಣೆಯಲ್ಲಿ ಒಂದೇ ಉದ್ದನೆಯ ಮೇಜಿನ ಸುತ್ತ ಕೂತು ಹಾಳೆ ಮಡಿಸುವವರು. ಒಂದು ದೊಡ್ಡ ಹಾಳೆಯ ಎರಡೂ ಬದಿ ಸೇರಿ ಹದಿನಾರು ಪುಟ ಅಚ್ಚಾಗಿರುತ್ತದೆ, ಅರ್ಧ ನೆಟ್ಟಗೆ, ಅರ್ಧ ತಲೆಕೆಳಗೆ. ಮೂರು ಸಲ ಮಡಿಸಿ ಮರದ ಪಟ್ಟಿಯಿಂದ ತೀಡಿದರೆ ಪುಟಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಲ್ಲುತ್ತವೆ. ಅದನ್ನು ಒಂದು ಫಾರಂ ಅನ್ನುತ್ತೇವೆ. ಫಾರಂಗಳನ್ನು ಒಂದರ ಮೇಲೊಂದಿಟ್ಟು ಹೊಲಿದು, ಅಂಚು ಕತ್ತರಿಸಿ, ರಟ್ಟು ಹಾಕಿದರೆ ಪುಸ್ತಕ.

ನಮ್ಮ ಮೇಜಿಗೆ ಒಂದು ಪದ್ಧತಿ ಇದೆ. ಯಾವ ಪುಸ್ತಕ ಬರಲಿ, ಒಬ್ಬೊಬ್ಬರು ಒಂದೊಂದು ಫಾರಂ ಹಿಡಿಯುತ್ತೇವೆ, ಮಡಿಸುತ್ತಾ ನಮ್ಮ ಪಾಲಿನ ಪುಟಗಳನ್ನು ಗಟ್ಟಿಯಾಗಿ ಓದುತ್ತೇವೆ. ಮೊದಲನೇ ಫಾರಂ ಕನ್ನಡಕದವಳದು. ಅವಳ ಕನ್ನಡಕದ ಒಂದು ಕಾಲು ದಾರದ್ದು. ಎರಡನೆಯದು ನನ್ನದು. ಮೂರನೆಯದು ದೊಡ್ಡಮ್ಮನದು. ನಾಲ್ಕನೆಯದು ಪಟಾಕಿಯದು, ಅವಳು ಪಿಸುಗುಟ್ಟಿದರೂ ಪಕ್ಕದ ಯಂತ್ರದ ಕೋಣೆಗೆ ಕೇಳಿಸುತ್ತದೆ. ಐದನೆಯದು ದಾರದಜ್ಜಿಯದು. ಎಲ್ಲವನ್ನೂ ಕೊನೆಗೆ ಹೊಲಿಯುವವಳೂ ಅವಳೇ. ಹಾಗಾಗಿ ಯಾವ ಪುಸ್ತಕವೂ ನಮ್ಮಲ್ಲಿ ಒಬ್ಬಳಿಗೆ ಪೂರ್ತಿ ಗೊತ್ತಿಲ್ಲ. ಐವರೂ ಕೂತರೆ ಒಂದಕ್ಷರವೂ ಬಿಟ್ಟುಹೋಗುವುದಿಲ್ಲ. "ಸಂಬಳ ಕೊಡೋದು ಮಡಿಸೋಕೆ, ಓದೋಕಲ್ಲ" ಎಂದು ಮೇಸ್ತ್ರಿ ದಿನಕ್ಕೊಮ್ಮೆ ಹೇಳುತ್ತಾನೆ. "ಓದಿದ್ದಕ್ಕೆ ಬೇರೆ ಸಂಬಳ ಕೇಳಿದ್ವಾ?" ಎಂದು ಪಟಾಕಿ ದಿನಕ್ಕೊಮ್ಮೆ ಕೇಳುತ್ತಾಳೆ.

ದೊಡ್ಡಮ್ಮ ಒಂದು ಭಾನುವಾರ ದೊಡ್ಡವಳನ್ನು ನೋಡಿ ಬರುತ್ತಿದ್ದಳು, ಮುಂದಿನ ಭಾನುವಾರ ಚಿಕ್ಕವಳನ್ನು. ಚಿಕ್ಕವಳನ್ನು ನಾವೆಲ್ಲ ಗುಬ್ಬಿ ಅನ್ನುತ್ತೇವೆ. ದೊಡ್ಡಮ್ಮ ಹೋದಾಗಲೆಲ್ಲ ಗುಬ್ಬಿ ಕೇಳುತ್ತಿದ್ದ ಪ್ರಶ್ನೆ ಒಂದೇ.

"ಅಕ್ಕ ಎಷ್ಟು ಉದ್ದ ಆಗಿದಾಳೆ?"

ಕೈ ಎತ್ತಿ ಇಷ್ಟು ಎಂದು ತೋರಿಸಿದರೆ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಹೋದ ಸಲ ಇನ್ನೂ ಮೇಲಿತ್ತು ಅನ್ನುತ್ತಿದ್ದಳು. ಕೊನೆಗೆ ದೊಡ್ಡಮ್ಮ ಹೊಲಿಗೆಯ ದಾರ ಒಯ್ದು, ದೊಡ್ಡವಳ ಹಿಮ್ಮಡಿಯಿಂದ ನೆತ್ತಿಯ ತನಕ ಅಳೆದು, ಕತ್ತರಿಸಿ, ತುದಿಗೊಂದು ಗಂಟು ಹಾಕಿ ಗುಬ್ಬಿಗೆ ಕೊಟ್ಟಳು. ಗುಬ್ಬಿ ಅದನ್ನು ಲಂಗದ ಜೇಬಿನಲ್ಲಿ ಇಟ್ಟುಕೊಂಡಳು. ಆ ನಿಲಯದಲ್ಲಿ ಮಂಚ, ತಟ್ಟೆ, ಬಾಚಣಿಗೆ ಎಲ್ಲಕ್ಕೂ ನಂಬರು ಇತ್ತು. ದಾರಕ್ಕೆ ಇರಲಿಲ್ಲ.

ಹೀಗಿರುವಾಗ ಒಂದು ಬುಧವಾರ ಹೊಸ ಕಾಯಿದೆಯ ಹಾಳೆಗಳು ನಮ್ಮ ಮೇಜಿಗೆ ಬಂದವು. ಮಕ್ಕಳ ಮತ್ತು ಕುಟುಂಬಗಳ ಆಸರೆಯ ಕಾಯಿದೆ. ಅದು ಆಕಾಶದಿಂದ ಉದುರಿದ್ದಲ್ಲ. ಆರು ವರ್ಷ ಎಷ್ಟೋ ತಾಯಂದಿರು ಶಾಸನಸಭೆಯ ಗೇಟಿನೆದುರು ಬಿಸಿಲಿನಲ್ಲಿ ಕೂತಿದ್ದರು. ಅವರ ಕರಪತ್ರಗಳನ್ನು ಕೆಲಸದ ಹೊತ್ತು ಮುಗಿದ ಮೇಲೆ ಇದೇ ಮೇಜಿನಲ್ಲಿ ಮಡಿಸಿ ಕೊಟ್ಟಿದ್ದೆವು. ಕಾಯಿದೆಗೆ ಐದು ಫಾರಂ, ಎಂಬತ್ತು ಪುಟ. ತಿಂಗಳ ಮೊದಲ ಸೋಮವಾರ ಜಾರಿ.

ಕನ್ನಡಕ ಓದಿದಳು: "ಈ ಕಾಯಿದೆಯಲ್ಲಿ ಕುಟುಂಬ ಎಂದರೆ, ಮಗುವು ತನ್ನವರೆಂದು ಹೇಳುವ ಎಲ್ಲರೂ."

"ಇನ್ನೊಂದ್ಸಲ ಓದೇ," ಅಂದಳು ದಾರದಜ್ಜಿ.

ಇನ್ನೊಂದು ಸಲ ಓದಿದಳು. ದೊಡ್ಡಮ್ಮ ತಲೆ ಎತ್ತಲಿಲ್ಲ, ಆದರೆ ಅವಳ ಕೈಯ ಓಟ ನಿಧಾನವಾಯಿತು. ತನ್ನ ಫಾರಂನ ಪುಟಗಳನ್ನು ಅವಳು ಎಂದಿನಂತೆ ಓದುತ್ತಾ ಬಂದು ಕೊನೆಯ ಪುಟಕ್ಕೆ ಮುಟ್ಟಿದಳು. ನಲವತ್ತೆಂಟನೇ ಪುಟದ ಕೊನೆಯ ಸಾಲುಗಳು ಹೀಗಿದ್ದವು: "ಒಡಹುಟ್ಟಿದ ಮಕ್ಕಳನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸತಕ್ಕದ್ದಲ್ಲ. ಪರಂತು."

ಅಲ್ಲಿಗೆ ಅವಳ ಫಾರಂ ಮುಗಿಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ದೊಡ್ಡಮ್ಮನ ಮಡಿಕೆ ಸೊಟ್ಟಗಾಯಿತು.

"ಪರಂತು ಅಂದ್ರೆ ಆದರೆ ಅಂತ ಅಲ್ವಾ?" ಪಟಾಕಿ ಕೇಳಿದಳು.

"ಆದರೆ ಅಂತಲೇ. ಕೋಟು ಹಾಕ್ಕೊಂಡಿರೋ ಆದರೆ," ಅಂದಳು ಕನ್ನಡಕ.

"ಆದರೆ ಏನು? ಮುಂದಿನ ಪುಟ ನಿಂದಲ್ವೇನೇ ಪಟಾಕಿ, ಓದು," ಅಂದಳು ದಾರದಜ್ಜಿ.

"ಎಲ್ಲಿಂದ ಓದಲಿ? ನಾಲ್ಕನೇ ಫಾರಂ ಇನ್ನೂ ಬಂದಿಲ್ಲ."

ನಾಲ್ಕನೇ ಫಾರಂ ತಿದ್ದುಪಡಿಗೆಂದು ಶಾಸನಸಭೆಯ ಕಚೇರಿಗೆ ಹೋಗಿತ್ತು. ನಾಳೆ ಬೆಳಿಗ್ಗೆ ಬರುತ್ತದೆ ಎಂದು ಮೇಸ್ತ್ರಿ ಹೇಳಿದ. ಇಬ್ಬರು ಮಕ್ಕಳು ಒಂದೇ ಮನೆಯಲ್ಲಿ ಮಲಗುತ್ತಾರೋ ಇಲ್ಲವೋ ಅನ್ನುವುದು ಒಂದು ಹಾಳೆಯ ಅಂಚಿನಲ್ಲಿ ನೇತಾಡುತ್ತಿತ್ತು.

ನಾವು ಅವಳ ಮನಸ್ಸು ಹಗುರ ಮಾಡಲು ನೋಡಿದೆವು. ಪಟಾಕಿ ಎದ್ದು ನಿಂತು, "ಪರಂತು, ದೊಡ್ಡಮ್ಮನವರು ಗೊರಕೆ ಹೊಡೆಯತಕ್ಕದ್ದಲ್ಲ" ಅಂದಳು. "ಪರಂತು, ಮಕ್ಕಳಿಗೆ ಪಟಾಕಿಯಿಂದ ಪಾಠ ಹೇಳಿಸತಕ್ಕದ್ದಲ್ಲ," ಅಂದೆ ನಾನು. ದಾರದಜ್ಜಿ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ನನ್ನ ಮದುವೆ ಮಾತಿನಲ್ಲೂ ಹಿಂಗೇ ಆಯ್ತು. ಮನೆ ಚೆನ್ನಾಗಿದೆ, ಅತ್ತೆ ಒಳ್ಳೆಯವಳು, ಆದರೆ ಅಂತ ಅಂದು ನಮ್ಮ ಮಾವ ನಿಲ್ಲಿಸಿಬಿಟ್ಟ. ಆ ಆದರೆ ಜೊತೆ ನಲವತ್ತು ವರ್ಷ ಸಂಸಾರ ಮಾಡಿದೀನಿ."

ದೊಡ್ಡಮ್ಮ ನಕ್ಕಳು. ನಕ್ಕು, ಸೊಟ್ಟಗಾದ ಹಾಳೆಯನ್ನು ಬಿಡಿಸಿ ಮತ್ತೆ ಮಡಿಸಿದಳು. "ಸರ್ಕಾರದೋರ ಹೊಟ್ಟೆಯಲ್ಲಿ ಒಂದು ಆದರೆ ಯಾವಾಗಲೂ ಇರುತ್ತೆ ಕಣ್ರೇ," ಅಂದಳು. "ನಮಗೆ ಏನೋ ಕೊಡಬೇಕು ಅಂದಾಗ ಮಾತ್ರ ಅದು ಹೊರಗೆ ಬರೋದು."

ಮರುದಿನ ನಾವು ಐವರೂ ಗೇಟು ತೆರೆಯುವ ಮೊದಲೇ ಬಂದು ನಿಂತಿದ್ದೆವು. ಕಾವಲುಗಾರ ಗಾಬರಿಯಾಗಿ, ಮುಷ್ಕರವಾ ಎಂದು ಕೇಳಿದ. ಹತ್ತು ಗಂಟೆಗೆ ನಾಲ್ಕನೇ ಫಾರಂ ಬಂತು, ಶಾಯಿ ಇನ್ನೂ ಹಸಿ. ನಲವತ್ತೊಂಬತ್ತನೇ ಪುಟ ಪಟಾಕಿಯ ಕಡೆಗೆ ತಲೆಕೆಳಗಾಗಿತ್ತು. ಹಾಳೆ ತಿರುಗಿಸುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ನಾವೇ ಮೇಜು ಸುತ್ತಿ ಅವಳ ಎದುರಿಗೆ ಓಡಿದೆವು. ಪಟಾಕಿ ಮಾತ್ರ ಹಾಳೆ ತಿರುಗಿಸಿಬಿಟ್ಟಳು. ಮತ್ತೆ ಎಲ್ಲರೂ ಈ ಕಡೆಗೆ ಓಡಿದೆವು.

"ಸುಮ್ನಿರಿ, ನನ್ನ ಫಾರಂ, ನಾನೇ ಓದ್ತೀನಿ." ಅವಳು ಗಂಟಲು ಸರಿಮಾಡಿಕೊಂಡಳು. "ಹಾಗೆ ಬೇರ್ಪಡಿಸಲೇಬೇಕೆಂದು ಅಧಿಕಾರಿಗೆ ಕಂಡುಬಂದಲ್ಲಿ, ಜೊತೆಗಿದ್ದರೆ ಮಕ್ಕಳಿಗೆ ಆಗುವ ಅಪಾಯವೇನೆಂಬುದನ್ನು ಅವರು ತಮ್ಮ ಕೈಯಾರೆ ಬರೆದು ಸಹಿ ಮಾಡತಕ್ಕದ್ದು. ಜಾಗದ ಕೊರತೆ, ಮಂಚದ ಕೊರತೆ ಮತ್ತು ಬಡತನ, ಇವು ಅಪಾಯಗಳಲ್ಲ."

ಯಂತ್ರದ ಕೋಣೆಯಲ್ಲಿ ಯಾರೋ ಯಂತ್ರ ನಿಲ್ಲಿಸಿದರು, ಅಲ್ಲಿಗೂ ಕೇಳಿಸಿತ್ತು. ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಕನ್ನಡಕದವಳ ಕನ್ನಡಕ ಮಂಜಾಯಿತು. ದಾರದಜ್ಜಿ ಎಲ್ಲರನ್ನೂ ಗದರಿದಳು: "ಎಲ್ಲರೂ ಕಣ್ಣು ಒರೆಸಿಕೊಳ್ಳತಕ್ಕದ್ದು. ಹಾಳೆ ಒದ್ದೆಯಾಗತಕ್ಕದ್ದಲ್ಲ."

ಅದೇ ದಿನ ಮಧ್ಯಾಹ್ನದ ಬಿಡುವಿನಲ್ಲಿ ದೊಡ್ಡಮ್ಮ ಮಕ್ಕಳ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿಯನ್ನು ಎಲ್ಲರೂ ಸಾಹೇಬರು ಅನ್ನುತ್ತಾರೆ. ಮಂಚ ಎಣಿಸಿ ಮಕ್ಕಳನ್ನು ಹಂಚಿದ್ದವರು ಅವರೇ.

"ಹೊಸ ಕಾಯಿದೆ ಬಂದಿದೆ ನಿಜ," ಅಂದರು ಸಾಹೇಬರು. "ಆದ್ರೆ ಪುಸ್ತಕ ಇನ್ನೂ ನಮ್ಮ ಕೈಗೆ ಬಂದಿಲ್ಲಮ್ಮ."

"ಗೊತ್ತು ಸಾರ್. ಅದು ಇನ್ನೂ ನನ್ನ ಮೇಜಿನ ಮೇಲೇ ಇದೆ."

ಅವಳು ಹೊಸ ಅರ್ಜಿ ಕೊಟ್ಟು ರಸೀದಿ ಕೇಳಿ ತೆಗೆದುಕೊಂಡು ಬಂದಳು. ಶುಕ್ರವಾರ ನಮ್ಮ ಅಂಚು ಕತ್ತರಿಸುವ ಯಂತ್ರದ ಅಲಗು ಮುರಿಯಿತು. ಸೋಮವಾರದೊಳಗೆ ಪುಸ್ತಕ ಎಲ್ಲ ಕಚೇರಿಗೂ ಮುಟ್ಟಲೇಬೇಕೆಂದು ಮೇಲಿನಿಂದ ಆಜ್ಞೆ. ಕತ್ತರಿಸದೆಯೇ ರಟ್ಟು ಹಾಕಿ ಕಳಿಸಿಬಿಡಿ ಎಂದ ಮೇಸ್ತ್ರಿ. "ಓದೋರು ಚಾಕು ಇಟ್ಕೊಂಡು ಪುಟ ಸೀಳಿಕೊಂಡು ಓದ್ಲಿ."

ಕಾಯಿದೆಯ ಪ್ರಕಾರ ಮೊದಲು ಮಗುವನ್ನೇ ಕೇಳಬೇಕು, ನಿನ್ನವರು ಯಾರು ಎಂದು. ತನ್ನ ಪ್ರತಿಯನ್ನು ಚಾಕುವಿನಿಂದ ಸೀಳಿ ಓದಿದ್ದ ಕಚೇರಿಯ ಟೈಪಿಸ್ಟ್ ದೊಡ್ಡವಳ ನಿಲಯಕ್ಕೆ ಹೋಗಿ ಕೇಳಿದಳು. ಕಾಗದ ಕೊಡಿ, ಬರೆದುಕೊಡ್ತೀನಿ ಅಂದಳಂತೆ ದೊಡ್ಡವಳು. ಆ ಪಟ್ಟಿಯ ನಕಲು ನಮ್ಮ ಅಚ್ಚುಕೂಟಕ್ಕೆ ಬಂತು, ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಕುಟುಂಬ ಸಭೆಗೆ ಬರಬೇಕೆಂಬ ಕರೆಯ ಜೊತೆಗೆ. ಒಂದು, ಗುಬ್ಬಿ. ಎರಡು, ಅಮ್ಮ. ಮೂರು, ದೊಡ್ಡಮ್ಮ. ನಾಲ್ಕು, ದಾರದಜ್ಜಿ, ನನಗೆ ಗಂಟು ಹಾಕೋದು ಕಲಿಸಿದ್ದಾರೆ. ಐದು, ಪಟಾಕಿ ಚಿಕ್ಕಮ್ಮ, ಜಗಳ ಆಡೋದು ಕಲಿಸಿದ್ದಾರೆ. ಆರು, ಕನ್ನಡಕದ ಅತ್ತೆ, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದರು. ಏಳು, ಇನ್ನೊಬ್ಬ ಅತ್ತೆ, ಕಥೆ ಹೇಳುತ್ತಾರೆ, ಕೆಲವು ಸುಳ್ಳು.

ಆ ಏಳನೆಯವಳು ನಾನು.

ಮೇಸ್ತ್ರಿ ಕರೆಯೋಲೆಯನ್ನು ಎರಡು ಸಲ ಓದಿದ. "ಐದೂ ಜನಕ್ಕೆ ಒಂದೇ ದಿನ ರಜೆ ಹೆಂಗ್ ಕೊಡ್ಲಿ?"

"ಸರ್ಕಾರದ ಕರೆ ಮೇಸ್ತ್ರಿ. ನಾವು ಸಂಬಂಧಿಗಳು," ಅಂದಳು ಪಟಾಕಿ.

ಅವನು ಪಟ್ಟಿಯನ್ನು ಮೂರನೇ ಸಲ, ಕೆಳಗಿನಿಂದ ಮೇಲಕ್ಕೆ ಓದಿದ. "ನನ್ನ ಹೆಸರು ಇಲ್ವಾ? ಆ ಹುಡುಗಿ ಮೇಜಿನ ಕೆಳಗೆ ಕೂತು ಆಡೋವಾಗ ಎಷ್ಟು ಸಲ ನೋಡಿಯೂ ನೋಡದ ಹಾಗೆ ಹೋಗಿದೀನಿ." ಪಾಪ, ಅದು ನಿಜವೇ ಆಗಿತ್ತು. ರಜೆ ಕೊಟ್ಟ.

ಸಭೆಯ ದಿನ ಕಚೇರಿಯ ದೊಡ್ಡ ಕೋಣೆಗೆ ಸುಣ್ಣ ಬಳಿಯುತ್ತಿದ್ದರು. ಹಾಗಾಗಿ ಸಾಹೇಬರ ಕೋಣೆಯಲ್ಲೇ ಸಭೆ. ನಾವು ಐವರು ಗೋಡೆಗಂಟಿದ ಬೆಂಚಿನ ಮೇಲೆ ಸಾಲಾಗಿ ಕೂತೆವು. ದೊಡ್ಡಮ್ಮನ ಕೈಯಲ್ಲಿ ತಂಗಿಯ ಪತ್ರವಿತ್ತು: ಇನ್ನೂ ಮೂರು ತಿಂಗಳು ನಾನು ಆಸ್ಪತ್ರೆಯಲ್ಲಿರಬೇಕು, ಇಬ್ಬರೂ ನನ್ನ ಅಕ್ಕನ ಬಳಿ ಇರಲಿ. ಒಂದು ವ್ಯಾನು ದೊಡ್ಡವಳನ್ನು ತಂದಿತು. ಕಾಲು ಗಂಟೆ ಬಿಟ್ಟು ಇನ್ನೊಂದು ವ್ಯಾನು ಗುಬ್ಬಿಯನ್ನು ತಂದಿತು.

ಅಪ್ಪಿಕೊಂಡು ಅಳುತ್ತಾರೆ ಎಂದು ನಾವೆಲ್ಲ ಕೈವಸ್ತ್ರ ಸಿದ್ಧಮಾಡಿಕೊಂಡಿದ್ದೆವು. ಗುಬ್ಬಿ ಬಾಗಿಲಲ್ಲಿ ನಿಂತು ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದಳು. ಸೀದಾ ಬಂದು, ಜೇಬಿನಿಂದ ದಾರ ತೆಗೆದು, ಒಂದು ತುದಿಯನ್ನು ಅಕ್ಕನ ಹಿಮ್ಮಡಿಯ ಕೆಳಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಟುಕುವಷ್ಟು ಎತ್ತಿ ಹಿಡಿದಳು. ಉಳಿದದ್ದನ್ನು ಪಟಾಕಿ ಎತ್ತಿ ಅಳೆದು ತೋರಿಸಿದಳು. ಗಂಟು ನೆತ್ತಿಗಿಂತ ಎರಡು ಬೆರಳು ಕೆಳಗಿತ್ತು.

"ದಾರ ತಪ್ಪು," ಅಂದಳು ಗುಬ್ಬಿ, ದೊಡ್ಡಮ್ಮನ ಕಡೆ ತಿರುಗಿ, ದೂರು ಹೇಳುವವಳಂತೆ.

"ದಾರ ಸರೀನೇ ಇದೆ ಕಣೇ, ನಾನೇ ಬೆಳೆದೆ," ಅಂದಳು ದೊಡ್ಡವಳು. ಆಮೇಲೆ ಇಬ್ಬರಿಗೂ ನಗು ಬಂತು. ನಗು ಶುರುವಾದ ಮೇಲೆ ಅಪ್ಪಿಕೊಂಡವರನ್ನು ಬಿಡಿಸಲು ನಮ್ಮಿಂದ ಆಗಲಿಲ್ಲ.

ಸಾಹೇಬರು ಕೈಗಡಿಯಾರ ನೋಡಿಕೊಂಡು ಸಭೆ ಆರಂಭ ಎಂದರು. ಪಟಾಕಿ ಎದ್ದು ಬಾಗಿಲು ತೆರೆದು ಹಿಡಿದಳು.

"ಸಾರ್, ಐವತ್ತೆರಡನೇ ಪುಟ. ಕುಟುಂಬದವರು ತೀರ್ಮಾನ ಮಾಡೋವಾಗ ಅಧಿಕಾರಿಗಳು ಹೊರಗೆ ಇರತಕ್ಕದ್ದು."

"ಇದು ನನ್ನ ಕೋಣೆ."

"ಹೌದು ಸಾರ್. ಚಹಾ ತಗೊಂಡು ಹೋಗಿ, ಆರೋಗುತ್ತೆ."

ಸಾಹೇಬರು ಟೈಪಿಸ್ಟ್ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಹೌದೆಂದಳು. ಅವರು ಕಪ್ಪು ಹಿಡಿದುಕೊಂಡು ಕಾರಿಡಾರಿನ ಸುಣ್ಣದ ಬಕೆಟ್ಟಿನ ಪಕ್ಕ ಹೋಗಿ ನಿಂತರು. ಆ ಕಾರಿಡಾರಿನಲ್ಲಿ ದೊಡ್ಡಮ್ಮ ಏಳು ತಿಂಗಳು ನಿಂತಿದ್ದಳು. ಅವರಿಗೆ ನಲವತ್ತು ನಿಮಿಷ ಸಿಕ್ಕಿತು.

ಒಳಗೆ ದೊಡ್ಡವಳು ಸಾಹೇಬರ ಕುರ್ಚಿಯಲ್ಲಿ ಕೂತು ಬರೆದಳು, ನಾವು ಹೇಳಿದೆವು. ದೊಡ್ಡಮ್ಮನದು ಒಂದೇ ಕೋಣೆ, ಹಿಂದೊಂದು ಅಡುಗೆಮೂಲೆ. ಮಂಚ ಕಿಟಕಿಯ ಹತ್ತಿರ ಇಬ್ಬರಿಗೆ. ದೊಡ್ಡಮ್ಮ ಕೆಳಗೆ ಹಾಸಿಕೊಳ್ಳುವುದು. "ನನ್ನ ಬೆನ್ನಿಗೆ ನೆಲವೇ ಒಳ್ಳೇದು," ಅಂದಳು. ಶಾಲೆಗೆ ಬಿಡುವುದು ಕನ್ನಡಕ, ಅವಳ ದಾರಿ ಅದೇ. ಸಂಜೆ ಕರೆತರುವುದು ಪಟಾಕಿ. ವಾರಕ್ಕೆರಡು ದಿನ ಆಸ್ಪತ್ರೆಗೆ, ಅಮ್ಮನ ಬಳಿಗೆ, ನಾನು. ದಾರದಜ್ಜಿ ಬಟ್ಟೆ ಹೊಲಿಯುವುದು. "ಜಡೆ ಹಾಕೋದು ಯಾರು ಅಂತ ಬರಿ," ಅಂದಳು ಗುಬ್ಬಿ. ಅಕ್ಕ ಎಂದು ಬರೆಯಿಸಿದಳು. "ಮೆತ್ತಗೆ ಅಂತಲೂ ಬರಿ." ಅದನ್ನೂ ಬರೆದಾಯಿತು.

ಮೇಜಿನ ಮೇಲೆ ಸಾಹೇಬರ ಪ್ರತಿ ಇತ್ತು. ನಮ್ಮ ಕೈಯ ಪುಸ್ತಕ. ದಾರದಜ್ಜಿ ತನ್ನ ಹೊಲಿಗೆಯನ್ನು ಬೆರಳಿಂದ ಮುಟ್ಟಿ ಗುರುತು ಹಿಡಿದಳು. ದೊಡ್ಡಮ್ಮ ಅದನ್ನು ಎತ್ತಿ ಅಂಚು ನೋಡಿ, ನಮಗೆ ತೋರಿಸಿ, ಅಲ್ಲೇ ಇಟ್ಟಳು.

ಬಾಗಿಲು ತೆರೆದೆವು. ಸಾಹೇಬರು ಒಳಗೆ ಬಂದು, ನಿಂತುಕೊಂಡೇ ಕಾಗದ ಓದಿದರು.

"ಚೆನ್ನಾಗೇ ಇದೆ. ಹಂಗಂತ ಒಂದು ಕೋಣೆಗೆ ಮೂರು ಜನ ಅಂದ್ರೆ ಆಗಲ್ಲಮ್ಮ. ದೊಡ್ಡವಳನ್ನ ಈಗ ಕರ್ಕೊಂಡು ಹೋಗಿ. ಚಿಕ್ಕವಳು ಮೂರು ತಿಂಗಳು ಅಲ್ಲೇ ಇರಲಿ, ಆಮೇಲೆ ನೋಡೋಣ. ಹೊಸ ಕಾಯಿದೆಯೂ ಅದನ್ನೇ ಹೇಳುತ್ತೆ."

"ಯಾವ ಪುಟ ಸಾರ್?" ಕೇಳಿದಳು ದೊಡ್ಡಮ್ಮ.

"ಪುಟ ಎಲ್ಲಾ ನೆನಪಿರುತ್ತಾ? ಮೂವತ್ತೇಳೋ ಏನೋ. ಪೂರ್ತಿ ಓದಿದೀನಿ ನಾನು."

ದೊಡ್ಡಮ್ಮ ಪುಸ್ತಕ ಕೈಗೆ ತೆಗೆದುಕೊಂಡಳು. "ಮೂವತ್ತೇಳು ನನ್ನ ಫಾರಂ. ಅದರಲ್ಲಿರೋದು ಅಧಿಕಾರಿಗಳ ಪ್ರಯಾಣ ಭತ್ಯೆ. ಅದನ್ನಾದರೂ ಓದಿದೀರಾ ಅಂದ್ಕೊಂಡೆ. ಆದ್ರೆ ನೋಡಿ ಸಾರ್, ಈ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ. ನಮ್ಮ ಅಲಗು ಮುರಿದಿತ್ತು, ಹಾಗೇ ಕಳಿಸಿದ್ವಿ. ಚಾಕು ಹಾಕದೆ ಇದನ್ನ ಓದಿರೋರು ಐದೇ ಜನ. ಇಲ್ಲೇ ಬೆಂಚಿನ ಮೇಲೆ ಇದೀವಿ."

ಟೈಪಿಸ್ಟ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕತ್ತರಿಸದ ಪುಸ್ತಕ ಕೆಲವು ಕಡೆ ಮಾತ್ರ ತಾನಾಗಿ ತೆರೆದುಕೊಳ್ಳುತ್ತೆ," ದೊಡ್ಡಮ್ಮ ಹೇಳಿದಳು, ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಡುವ ದನಿಯಲ್ಲಿ. "ಒಂದು ಫಾರಂ ಮುಗಿದು ಇನ್ನೊಂದು ಶುರುವಾಗೋ ಕಡೆ. ಹಿಡ್ಕೊಳ್ಳಿ."

ಅವಳು ಪುಸ್ತಕವನ್ನು ಅವರ ಅಂಗೈ ಮೇಲೆ ನಿಲ್ಲಿಸಿ ಕೈಬಿಟ್ಟಳು. ಅದು ಎರಡು ಪಾಲಾಗಿ ಬಿಚ್ಚಿಕೊಂಡಿತು. ಎಡಗಡೆ ನಲವತ್ತೆಂಟು, ಬಲಗಡೆ ನಲವತ್ತೊಂಬತ್ತು. ಸಾಹೇಬರು ಓದಿದರು. ತುಟಿ ಅಲುಗಿಸುತ್ತಾ, ಪರಂತುವಿನಿಂದ ಬಡತನದ ತನಕ ಓದಿದರು.

ಕನ್ನಡಕ ಒಂದು ಖಾಲಿ ಹಾಳೆ ಮುಂದಿಟ್ಟಳು. "ಅಪಾಯ ಏನು ಅಂತ ಕೈಯಾರೆ ಬರೆದುಕೊಡಿ ಸಾರ್. ಸಹಿ ಕೆಳಗೆ."

ಸಾಹೇಬರು ಪೆನ್ನು ತೆಗೆದರು. ಹಾಳೆ ನೋಡಿದರು. ಮಕ್ಕಳನ್ನು ನೋಡಿದರು, ಒಬ್ಬಳು ಇನ್ನೊಬ್ಬಳ ಜಡೆ ಬಿಚ್ಚಿ ಹೊಸದಾಗಿ ಹಾಕುತ್ತಿದ್ದಳು, ಮೆತ್ತಗೆ. ಪೆನ್ನಿನ ಮುಚ್ಚಳ ಹಾಕಿದರು. ಬರೆಯಲು ಅವರ ಬಳಿ ಏನೂ ಇರಲಿಲ್ಲ. ಏಳು ತಿಂಗಳ ಹಿಂದೆಯೂ ಇರಲಿಲ್ಲ. ಆಗ ಯಾರೂ ಅವರಿಗೆ ಹಾಳೆ ಕೊಟ್ಟಿರಲಿಲ್ಲ.

"ಆಯ್ತು," ಅಂದರು. "ಇಬ್ಬರೂ."

ದಾರದಜ್ಜಿ ಎದ್ದು ಕೂತಳು, ಕೂತು ಎದ್ದಳು. ಪಟಾಕಿಯ ಕಿರುಚು ಕೇಳಿ ಸುಣ್ಣ ಬಳಿಯುವವನು ಬ್ರಷ್ಷು ಹಿಡಿದೇ ಇಣುಕಿದ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡರು. "ಒಂದು ಕ್ರಮ ಅಂತ ಇದೆ. ಆದೇಶ ಟೈಪ್ ಆಗಿ ಮೊಹರು ಬೀಳಬೇಕು. ಒಂದೆರಡು ದಿನ. ಅಲ್ಲಿ ತನಕ ಚಿಕ್ಕವಳು ವ್ಯಾನಲ್ಲಿ ವಾಪಸ್ ಹೋಗಿರಲಿ. ಬಾ ಪುಟ್ಟಿ, ಚಪ್ಪಲಿ ಹಾಕ್ಕೋ."

ಗುಬ್ಬಿಯ ಚಪ್ಪಲಿ ಬಾಗಿಲ ಬಳಿ ಇತ್ತು. ಅವಳು ಹೋಗಿ ಎರಡನ್ನೂ ಎತ್ತಿಕೊಂಡಳು. ದೊಡ್ಡಮ್ಮ ಅರ್ಧ ಎದ್ದಳು. ಗುಬ್ಬಿ ಚಪ್ಪಲಿ ತಂದು ಸಾಹೇಬರ ಕುರ್ಚಿಯ ಮೇಲಿಟ್ಟು, ಅವುಗಳ ಮೇಲೆ ತಾನು ಹತ್ತಿ ಕೂತು, ದಾರವನ್ನು ಒಂದು ತುದಿ ತನ್ನ ಮಣಿಕಟ್ಟಿಗೆ, ಇನ್ನೊಂದು ತುದಿ ಅಕ್ಕನ ಮಣಿಕಟ್ಟಿಗೆ ಸುತ್ತಿದಳು. ದಾರದಜ್ಜಿ ಕಲಿಸಿದ ಗಂಟನ್ನು ಅಕ್ಕ ಹಾಕಿದಳು.

"ಚಪ್ಪಲಿ ಹಾಕ್ಕೋ ಅಂದೆನಲ್ಲ," ಅಂದರು ಸಾಹೇಬರು.

ಗುಬ್ಬಿ ಟೈಪಿಸ್ಟ್ ಕಡೆ ನೋಡಿದಳು. "ಅಕ್ಕಾ, ನೀವು ಟೈಪ್ ಮಾಡಿ. ನಾನು ಇಲ್ಲೇ ಕಾಯ್ತೀನಿ." ಆಮೇಲೆ ಸಾಹೇಬರ ಕಡೆ ತಿರುಗಿ, ನಲವತ್ತು ನಿಮಿಷ ನಮ್ಮ ಬಾಯಲ್ಲಿ ಕೇಳಿ ಕಲಿತದ್ದನ್ನು ಸೇರಿಸಿದಳು:

"ಹಾಕ್ಕೊಳ್ಳತಕ್ಕದ್ದಲ್ಲ."